ಎಂಜಿನಿಯರಿಂಗ್ ಪದವಿಗೆ ಹೊರದೇಶಗಳ ಮಾನ್ಯತೆ: ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ

ಒಂದು ದೇಶದಲ್ಲಿ ಪಡೆದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ಏರ್ಪಾಡು. ಕೊಲ್ಲಿ ದೇಶಗಳ ಕೆಲಸವನ್ನು ನೆಚ್ಚಿಕೊಂಡ ಮನೆಗಳಿರುವ ಈ ಪ್ರದೇಶದಲ್ಲಿ ಇದನ್ನು ಜನ 'ಅಟೆಸ್ಟೇಶನ್' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮೊಹರು ಹಾಕಿಸುವುದು ಬೇರೆ, ಮಾನ್ಯತೆ ಸಿಗುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಕೆಟ್ಟವರು ಹಲವರು.

ಇಲ್ಲಿಗೆ ಎಂಜಿನಿಯರಿಂಗ್ ಅರ್ಹತೆ ಮೊದಲು ಬಂದದ್ದು ಹಡಗಿನಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ರೈಲಿನ ಹಳಿ, ಮರುವರ್ಷ ಖಾರಿ (ಕಡಲ ಹಿನ್ನೀರು) ದಾಟಿ ಕಲ್ಯಾಣ್ ಮುಟ್ಟಿದ ಹಳಿ, ಎರಡರ ಹೊಣೆಯೂ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆ ಕಂಪನಿಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿಯದು. ಇಂಗ್ಲೆಂಡಿನಲ್ಲಿ ಕಲಿತ ವಿದ್ಯೆಗೆ ಇಲ್ಲಿ ಯಾರೂ ಸಮಾನತೆಯ ಪತ್ರ ಕೇಳಲಿಲ್ಲ. ಆಳುವವರ ವಿದ್ಯೆ ಅದು.

ಸಾಮ್ರಾಜ್ಯದೊಳಗೆ ಮುಂಬಯಿ ಪದವಿಗೂ ಒಂದಷ್ಟು ಓಡಾಟವಿತ್ತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಸೈನ್ಸ್ ಕಾಲೇಜು ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯ 1883ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಲ್‌ಸಿಇ (ಸಿವಿಲ್ ಎಂಜಿನಿಯರಿಂಗ್ ಲೈಸೆನ್ಶಿಯೇಟ್) ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. 1906ರಲ್ಲಿ ಸರ್ಕಾರ ಅವರನ್ನು ಏಡನ್ನಿಗೆ ಕಳಿಸಿತು, ಅಲ್ಲಿನ ನೀರು ಮತ್ತು ಒಳಚರಂಡಿಯ ಯೋಜನೆಗಾಗಿ. ಆಗ ಏಡನ್ ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿದ್ದರಿಂದ ಅರಬ್ಬಿ ನೆಲದಲ್ಲೂ ಪುಣೆಯ ಓದು ಸಾಕಾಯಿತು. ನೂರು ವರ್ಷದ ಮೇಲೆ ಅದೇ ಕಡಲು ದಾಟುವವರಿಗೆ ಆ ಸಲೀಸು ಉಳಿಯಲಿಲ್ಲ.

1920ರಲ್ಲಿ ಹುಟ್ಟಿ 1935ರಲ್ಲಿ ರಾಯಲ್ ಚಾರ್ಟರ್ ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಯ ಎಎಂಐಇ ಪರೀಕ್ಷೆ, ಹಗಲು ಕೆಲಸ ಮಾಡಿ ರಾತ್ರಿ ಓದುವವರ ದಾರಿಯಾಯಿತು. ಠಾಣೆಯ ವಾಗಳೆ ಎಸ್ಟೇಟ್, ಠಾಣೆ–ಬೇಲಾಪುರ ಪಟ್ಟಿ, ಡೊಂಬಿವಲಿಯ ಎಂಐಡಿಸಿಯಂಥ ಕಾರ್ಖಾನೆ ಪ್ರದೇಶಗಳಿಗೆ ಹೇಳಿಮಾಡಿಸಿದ ದಾರಿ ಅದು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಎಎಂಐಇ ಪದವಿಗೆ ಸಮ ಎಂಬ ಹಳೆಯ ಮಾನ್ಯತೆ ಸ್ವದೇಶದಲ್ಲೇ ನಿಂತಿತು.

ಮಹಾರಾಷ್ಟ್ರ 1983ರಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆದ ಮೇಲೆ ಪದವೀಧರರ ಸಂಖ್ಯೆ ಏರಿತು. ಗುಣಮಟ್ಟ ಅಳೆಯಲು 1994ರಲ್ಲಿ ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಬಂತು. ಹೊರಗೆ, 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಐರ್ಲೆಂಡ್ ದೇಶಗಳ ಸಂಸ್ಥೆಗಳು ಪರಸ್ಪರರ ಪದವಿಗಳನ್ನು ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಸಹಿ ಹಾಕಿದ್ದವು. ಎನ್‌ಬಿಎ ಅದಕ್ಕೆ ತಾತ್ಕಾಲಿಕ ಸದಸ್ಯನಾಗಿ 2007ರಲ್ಲಿ, ಪೂರ್ಣ ಸದಸ್ಯನಾಗಿ 2014ರ ಜೂನ್ 13ರಂದು ಸೇರಿತು. ಪತ್ರಿಕೆಗಳು ಅದನ್ನು ಭಾರತದ ಎಲ್ಲ ಎಂಜಿನಿಯರುಗಳ ಗೆಲುವೆಂಬಂತೆ ಬರೆದವು. ಹಾಗಿರಲಿಲ್ಲ.

ತೊಡಕಿರುವುದು ಶ್ರೇಣಿಯಲ್ಲಿ. ವಿಶ್ವವಿದ್ಯಾಲಯಗಳ ಮತ್ತು ಸ್ವಾಯತ್ತ ಕಾಲೇಜುಗಳ ಕೋರ್ಸುಗಳನ್ನು ಎನ್‌ಬಿಎ ಟಿಯರ್-1ರಲ್ಲಿ ಅಳೆಯುತ್ತದೆ. ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೇ ನಡೆಸುವ ಅಧೀನ ಕಾಲೇಜುಗಳ ಕೋರ್ಸುಗಳನ್ನು ಟಿಯರ್-2ರಲ್ಲಿ. ಒಪ್ಪಂದದ ಫಲ ಟಿಯರ್-1ಕ್ಕೆ ಮಾತ್ರ. ಠಾಣೆಯಿಂದ ಪನ್ವೇಲ್‌ವರೆಗಿನ ಕಾಲೇಜುಗಳಲ್ಲಿ ಹೆಚ್ಚಿನವು ಬೆಳೆದದ್ದು ಮುಂಬಯಿ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಾಗಿ. ಹಾಗಾಗಿ ಎನ್‌ಬಿಎ ಪತ್ರ ಕೈಯಲ್ಲಿದ್ದರೂ ಎಂಜಿನಿಯರ್ಸ್ ಆಸ್ಟ್ರೇಲಿಯ ಸಂಸ್ಥೆಯ ಮುಂದೆ ಆ ಪದವೀಧರ ತನ್ನ ಕೆಲಸದ ಮೂರು ಪ್ರಸಂಗಗಳನ್ನು ವಿವರವಾಗಿ ಬರೆದು ಸಾಮರ್ಥ್ಯ ತೋರಿಸಬೇಕಾಗುತ್ತದೆ. ಟಿಯರ್-1 ಇದ್ದರೂ ಒಪ್ಪಂದ ಕೊಡುವುದು ಓದಿಗೆ ಮಾನ್ಯತೆ, ವೃತ್ತಿಯ ಲೈಸೆನ್ಸನ್ನಲ್ಲ. ಭಾರತದಲ್ಲಿ ವಾಸ್ತುಶಿಲ್ಪಿಗಳ ನೋಂದಣಿಗೆ 1972ರ ಕಾಯಿದೆ ಇದೆ. ಎಂಜಿನಿಯರುಗಳಿಗೆ ಅಂಥ ದೇಶವ್ಯಾಪಿ ಕಾಯಿದೆ ಇಲ್ಲದಿರುವುದು ಈ ಕಥೆಯ ದೊಡ್ಡ ಲೋಪ.

ಒಪ್ಪಂದದ ಹೊರಗಿನ ಕುವೈತಿನಲ್ಲಿ ಪೆಟ್ಟು ಜೋರಾಗಿಯೇ ಬಿತ್ತು. 2018ರಲ್ಲಿ ಎಂಜಿನಿಯರ್ ಹುದ್ದೆಯವರ ಅಕಾಮ (ವಾಸದ ಪರವಾನಗಿ) ನವೀಕರಣಕ್ಕೆ ಕುವೈತ್ ಎಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರ ಕಡ್ಡಾಯವಾಯಿತು. ಆ ಸಂಘ ಭಾರತೀಯರ ಪದವಿಯನ್ನು ಎನ್‌ಬಿಎ ಪಟ್ಟಿಯೊಂದಿಗೆ ತಾಳೆ ನೋಡತೊಡಗಿತು. 1994ಕ್ಕೂ ಮೊದಲು ಓದಿದವರು ಎಲ್ಲಿಂದ ತರಬೇಕು ಆ ಮಾನ್ಯತೆ? ಆಮೇಲೂ ಅದು ಕಾಲೇಜುಗಳ ಇಚ್ಛೆಗೆ ಬಿಟ್ಟದ್ದು, ಅನೇಕ ಕಾಲೇಜುಗಳು ಅರ್ಜಿಯನ್ನೇ ಹಾಕಿರಲಿಲ್ಲ. ಇಪ್ಪತ್ತು ವರ್ಷ ಸೇತುವೆ, ಸಂಸ್ಕರಣಾಗಾರ ಕಟ್ಟಿದವರೂ ಹುದ್ದೆಯ ಹೆಸರು ಬದಲಿಸಿಕೊಂಡು ಉಳಿಯಬೇಕಾಯಿತು.

ಮೊಹರಿನ ವ್ಯವಹಾರವೂ ದೇಶಕ್ಕೊಂದು ಬಗೆ. ದಾಖಲೆಯ ಮೇಲಿನ ಒಂದೇ ಮೊಹರನ್ನು ಸದಸ್ಯ ದೇಶಗಳೆಲ್ಲ ಒಪ್ಪುವ ಹೇಗ್ ಅಪೋಸ್ಟಿಲ್ ಒಡಂಬಡಿಕೆಗೆ ಭಾರತ 2005ರಲ್ಲಿ ಸೇರಿತು. ಒಮಾನ್, ಬಹರೈನ್‌ಗಳ ಬಳಿಕ 2022ರಲ್ಲಿ ಸೌದಿ ಅರೇಬಿಯವೂ ಸೇರಿದ್ದರಿಂದ ಅಲ್ಲಿಗೆ ರಾಯಭಾರ ಕಚೇರಿಯ ಮೊಹರು ಬೇಕಿಲ್ಲ. ಸೌದಿಯ ಎಂಜಿನಿಯರುಗಳ ಪರಿಷತ್ತಿನ ನೋಂದಣಿ ಮಾತ್ರ ತಪ್ಪದು.

ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗೆ ಸಿಗುವಂಥದ್ದಲ್ಲ. ಒಂದೊಂದು ಕೋರ್ಸಿಗೆ, ಅದೂ ಗೊತ್ತಾದ ಕೆಲವೇ ವರ್ಷಗಳಿಗೆ. ಯಾವ ಕೋರ್ಸು, ಯಾವ ಶ್ರೇಣಿ, ಯಾವ ವರ್ಷದವರೆಗೆ ಎಂಬ ಪಟ್ಟಿ ಮಂಡಳಿಯ ಜಾಲತಾಣದಲ್ಲಿದೆ. ಮಕ್ಕಳ ಸೀಟಿಗೆ ಹಣ ಕಟ್ಟುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.