ಮೀನಿನ ತೊಟ್ಟಿಯ ಹೆಪ್ಪು

ನಮ್ಮ ಕ್ವಾರ್ಟರ್ಸಿನ ಮುಂಕೋಣೆಯಲ್ಲಿ ಎರಡಡಿ ಉದ್ದದ ಒಂದು ಮೀನಿನ ತೊಟ್ಟಿಯಿದೆ. ನಾಲ್ಕು ವರ್ಷ ಅದು ಯಾವ ತಕರಾರೂ ಇಲ್ಲದೆ ನಡೆದುಕೊಂಡು ಬಂದಿತ್ತು. ತಳದ ಹರಳುಗಲ್ಲುಗಳ ಕೆಳಗೆ ತೂತುಗಳಿರುವ ಪ್ಲಾಸ್ಟಿಕ್ ತಟ್ಟೆ, ಅದರಿಂದ ಮೇಲೆದ್ದ ಕೊಳವೆ, ಗುಳುಗುಳು ಎನ್ನುವ ಗಾಳಿಯ ಪಂಪು, ಇಷ್ಟೇ ಅದರ ಫಿಲ್ಟರ್. ಹೋದ ವರ್ಷ ದಸರೆಯ ರಜೆಯಲ್ಲಿ ಹೊಸ ಮಾದರಿಯ ಫಿಲ್ಟರೊಂದನ್ನು ಕೊಂಡುತಂದೆ. ಹಳೆಯದನ್ನೆಲ್ಲ ಕಿತ್ತುಹಾಕಿ ಕಲ್ಲುಗಳನ್ನು ಚೆನ್ನಾಗಿ ತೊಳೆಯಬೇಕೆಂದು ಅಂಗಡಿಯವರು ಹೇಳಿದರು. ನಾನೂ ಬಲು ಶ್ರದ್ಧೆಯಿಂದ ನಲ್ಲಿಯ ನೀರಿನಲ್ಲಿ ಮೂರು ಸಲ ಉಜ್ಜಿ ತೊಳೆದು, ಹೊಸ ಯಂತ್ರ ಹೂಡಿದೆ. ನೀರು ಸ್ಫಟಿಕದಂತೆ ಹೊಳೆಯಿತು. ನಾಲ್ಕನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ವಾರ ತುಂಬುವುದರೊಳಗೆ 11 ಮೀನುಗಳಲ್ಲಿ 7 ಸತ್ತುಹೋದವು.

“ನೀರು ಇಷ್ಟು ಚೊಕ್ಕಟವಾಗಿದೆಯಲ್ಲ ಅಪ್ಪಾ, ಮತ್ತೆ ಯಾಕೆ ಸತ್ತವು?” ಎಂದು ಮಗಳು ಕೇಳಿದಳು. ಬಿ.ಎಸ್ಸಿ. ಪರೀಕ್ಷೆಯಲ್ಲಿ ಸಾರಜನಕ ಚಕ್ರದ ಚಿತ್ರ ಬರೆದು ಅಂಕ ಗಿಟ್ಟಿಸಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಪುಸ್ತಕಗಳನ್ನು ತಿರುವಿಹಾಕಿದಾಗ ತಿಳಿದದ್ದೇನೆಂದರೆ, ಆ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೇ ಸುಮಾರು 40 ವರ್ಷ ಹಿಡಿದಿತ್ತು. ಆ ಕಥೆ ವಾಚಕರಿಗೂ ರುಚಿಸೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಅವನು ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟ. ಇದೇ ಗಿಡ ಇಂದಿಗೂ ನಮ್ಮ ಮೀನಿನಂಗಡಿಗಳಲ್ಲಿ ಸಿಗುತ್ತದೆ. ಗಿಡದ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಕೆಲವು ಬಸವನಹುಳುಗಳನ್ನು ಸೇರಿಸಿದ. ಅವು ಕೊಳೆತದ್ದನ್ನು ತಿಂದು ತೀರಿಸಿದವು. ಮೀನು ಬಿಟ್ಟ ಇಂಗಾಲಾಮ್ಲ ಗಿಡಕ್ಕೆ, ಗಿಡ ಕೊಟ್ಟ ಆಮ್ಲಜನಕ ಮೀನಿಗೆ. ನೀರು ಬದಲಾಯಿಸದೆಯೇ ಸಂಸಾರ ಸಾಗಿತು. 1850ರಲ್ಲಿ ಅವನು ಕೆಮಿಕಲ್ ಸೊಸೈಟಿಯ ಮುಂದೆ ಇದನ್ನು ವಿವರಿಸಿದ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಗಾರ ತೆರೆಯಿತು. ಮನೆಮನೆಯಲ್ಲೂ ಗಾಜಿನ ತೊಟ್ಟಿ ಇಡುವ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿತು.

ಗಿಡ ಕಡಿಮೆಯಾಗಿ ಮೀನು ಹೆಚ್ಚಾದರೆ ಈ ಲೆಕ್ಕ ತಪ್ಪುತ್ತಿತ್ತು. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಗಾರದಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಬೇರೊಂದು ಉಪಾಯ ಮಾಡಿದ. ನೆಲದಡಿಯ ಕತ್ತಲೆಯಲ್ಲಿ ದೊಡ್ಡ ಜಲಾಶಯವೊಂದನ್ನು ಕಟ್ಟಿಸಿ, ಸಮುದ್ರದ ನೀರನ್ನು ಪಂಪಿನಿಂದ ಮೇಲಿನ ತೊಟ್ಟಿಗಳಿಗೆ ಏರಿಸಿ, ಮತ್ತೆ ಕೆಳಕ್ಕೆ ಹರಿಸಿದ. ನೀರು ಓಡಾಡಿದರೆ, ಗಾಳಿ ಬೆರೆತರೆ ಶುದ್ಧವಾಗುತ್ತದೆ ಎಂಬುದು ಅನುಭವಕ್ಕೆ ಬಂತು. ಆದರೆ ಆ ಕತ್ತಲೆಯಲ್ಲಿ ಕುಳಿತು ದುಡಿಯುತ್ತಿದ್ದವರು ಯಾರೆಂಬುದು ಆಗ ಯಾರಿಗೂ ತಿಳಿಯದು.

ಗುಟ್ಟು ರಟ್ಟಾದದ್ದು ಚರಂಡಿ ನೀರಿನಲ್ಲಿ! 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಗಾಜಿನ ಕೊಳವೆಯೊಂದರಲ್ಲಿ ಮರಳು, ಸುಣ್ಣಕಲ್ಲು ತುಂಬಿ, ಮೇಲಿನಿಂದ ಚರಂಡಿಯ ನೀರನ್ನು ನಿಧಾನವಾಗಿ ಇಳಿಬಿಟ್ಟರು. 20 ದಿನ ಏನೂ ಆಗಲಿಲ್ಲ; ಹೊಲಸಿನ ಅಮೋನಿಯ ಹಾಗೆಯೇ ಕೆಳಗಿಳಿಯಿತು. ಅನಂತರ ಅಮೋನಿಯ ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರಂ ಆವಿ ಹಾಯಿಸಿದರು, ಕೆಲಸ ನಿಂತುಹೋಯಿತು. ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದರು, ಮತ್ತೆ ಶುರುವಾಯಿತು. ಅಂದರೆ ಶುದ್ಧಿ ಮಾಡುವುದು ಮರಳಲ್ಲ, ಮರಳಿಗೆ ಅಂಟಿಕೊಂಡ ಜೀವಿಗಳು.

ಮುಂದಿನ ಹೆಜ್ಜೆ ಇಟ್ಟವನು ಆ ಮೊದಲನೆಯ ವಾರಿಂಗ್ಟನ್ನನ ಮಗನೇ! ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಅವನು, ಅಮೋನಿಯ ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗುವುದೆಂದೂ, ಎರಡು ಮೆಟ್ಟಿಲಿಗೂ ಬೇರೆಬೇರೆ ಜೀವಿಗಳಿವೆಯೆಂದೂ ತೋರಿಸಿದ. ಆದರೆ ಅವನ್ನು ಬಿಡಿಸಿ ಬೆಳೆಸಲು ಅವನಿಂದಾಗಲಿಲ್ಲ. ಆ ಕೀರ್ತಿ 1890ರಲ್ಲಿ ವಿನೊಗ್ರಾಡ್‌ಸ್ಕಿಗೆ ಸಂದಿತು. ತಂದೆಯ ತೊಟ್ಟಿಯಲ್ಲಿ ಕಣ್ಣಿಗೆ ಬೀಳದೆ ದುಡಿದವರನ್ನೇ ಮಗ ಹೊಲದ ಮಣ್ಣಿನಲ್ಲಿ ಹುಡುಕಿದ್ದ. 1867ರಲ್ಲೇ ತೀರಿಕೊಂಡಿದ್ದ ತಂದೆ ಅದನ್ನು ಕಾಣಲಿಲ್ಲ.

ನನ್ನಂಥವರಿಗೆ ನೇರವಾಗಿ ತಾಕುವ ಪಾಠ ಮಾತ್ರ 1914ರ ಮ್ಯಾಂಚೆಸ್ಟರಿನದು. ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಚರಂಡಿ ನೀರಿಗೆ ಗಾಳಿ ಊದುತ್ತ ಕುಳಿತರು. ಪೂರ್ತಿ ಶುದ್ಧಿಯಾಗಲು ಸುಮಾರು 5 ವಾರ ಹಿಡಿಯಿತು. ಸಾಮಾನ್ಯವಾಗಿ ತಳದ ಕೆಸರನ್ನು ಯಾರಾದರೂ ಚೆಲ್ಲಿ ಪಾತ್ರೆ ತೊಳೆದಾರು. ಇವರು ಕೆಸರನ್ನು ಉಳಿಸಿಕೊಂಡು ಹೊಸ ನೀರು ತುಂಬಿದರು. ಹೀಗೆ ಮತ್ತೆ ಮತ್ತೆ ಮಾಡಿದಾಗ 5 ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಅವರಿಗೆ ಈ ದಾರಿ ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಬೆಂಗಳೂರಿಗೇ ಬಂದ. ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕನಾದ.

ನಮ್ಮ ತಾಯಂದಿರಿಗೆ ಇದು ಹೊಸ ಮಾತಲ್ಲ. ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಉಳಿಸದೆ ಇಂದಿನ ಹಾಲಿಗೆ ಹೆಪ್ಪು ಹಾಕಲಾದೀತೆ? ವರ್ಗವಾಗಿ ಬೇರೆ ಊರಿಗೆ ಹೋದ ಮೊದಲ ಸಂಜೆ ನಮ್ಮ ಮನೆಯವಳು ಪಕ್ಕದ ಮನೆಯಲ್ಲಿ ಕೇಳಿ ತರುವುದು ಹೆಪ್ಪನ್ನೇ. ಕೊಳೆ ಎಂದು ನಾನು ನಲ್ಲಿಯ ಕೆಳಗೆ ಉಜ್ಜಿ ತೊಳೆದದ್ದು ನಾಲ್ಕು ವರ್ಷದ ಹೆಪ್ಪು. ನಲ್ಲಿ ನೀರಿನ ಕ್ಲೋರಿನ್, ಆ ಫ್ರೆಂಚರ ಕ್ಲೋರೋಫಾರಂ ಮಾಡಿದ ಕೆಲಸವನ್ನೇ ಮಾಡಿತು. ಉಳಿದ ಮೀನುಗಳ ಅಮೋನಿಯವನ್ನು ಉಣ್ಣುವವರಿಲ್ಲ. ಅಮೋನಿಯಕ್ಕೆ ಬಣ್ಣವೂ ಇಲ್ಲ. ನೀರು ಸ್ಫಟಿಕದಂತಿದ್ದೂ ವಿಷವಾಗಿತ್ತು.

ಈ ವರ್ಷ ಆ ಹೊಸ ಯಂತ್ರದ ಮೋಟಾರು ಕೆಮ್ಮತೊಡಗಿತು; ಮತ್ತೆ ಬದಲಾವಣೆ ಬಂತು. ಈ ಸಲ ಕಚೇರಿಯ ಪದ್ಧತಿಯಂತೆ ನಡೆದೆ. ಹೊಸಬರು ಬಂದ ದಿನವೇ ಹಳಬರು ಕಡತ ಬಿಟ್ಟು ಹೊರಟರೆ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಳೆಯ ಫಿಲ್ಟರಿನ ಪಕ್ಕದಲ್ಲೇ ಹೊಸದನ್ನು ಹೂಡಿ 6 ವಾರ ಎರಡನ್ನೂ ನಡೆಸಿದೆ. ಹಳೆಯ ಸ್ಪಂಜಿನ ತುಂಡೊಂದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ, ಒಣಗಗೊಡದೆ, ಹೊಸದರೊಳಗೆ ಇಟ್ಟೆ. ಹರಳುಗಲ್ಲುಗಳನ್ನು ಮುಟ್ಟಲಿಲ್ಲ. ಹಳೆಯದನ್ನು ತೆಗೆದ ಮೇಲೂ ಎರಡು ವಾರ ಆಹಾರವನ್ನು ಅರ್ಧಕ್ಕಿಳಿಸಿ, ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣದಿಂದ ಅಮೋನಿಯ, ನೈಟ್ರೈಟ್ ಎರಡನ್ನೂ ದಿನ ಬಿಟ್ಟು ದಿನ ನೋಡಿದೆ. ಎರಡೂ ಸೊನ್ನೆಯಲ್ಲೇ ನಿಂತವು.

ಹುಡುಕಾಟ ಇನ್ನೂ ಮುಗಿದಿಲ್ಲ. ಎರಡು ಮೆಟ್ಟಿಲನ್ನೂ ಒಂಟಿಯಾಗಿಯೇ ಹತ್ತಬಲ್ಲ ಬ್ಯಾಕ್ಟೀರಿಯಗಳೂ ಇವೆಯೆಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೆಲವು ಸಿಕ್ಕಿದ್ದು ಮೀನು ಸಾಕುವ ತೊಟ್ಟಿಗಳಿಗೆ ಜೋಡಿಸಿದ ಫಿಲ್ಟರಿನಲ್ಲೇ.

ಹೋದ ವರ್ಷ ಉಳಿದಿದ್ದ 4 ಮೀನುಗಳು ಈಗಲೂ ಕ್ಷೇಮ. ಗಾಜಿನ ಒಳಮೈಯಲ್ಲಿ ತುಸು ಪಾಚಿಯಿದೆ, ಕಲ್ಲಿನ ಮೇಲೆ ತುಸು ಕಂದು ಮಣ್ಣಿದೆ. ಬಂದ ನೆಂಟರು “ತೊಳೆಯಬಾರದೆ?” ಎನ್ನುತ್ತಾರೆ. ಉತ್ತರ ಕೊಡುವ ಕೆಲಸವನ್ನು ಮಗಳೇ ವಹಿಸಿಕೊಂಡಿದ್ದಾಳೆ.