ತಪ್ಪನ್ನು ಸಾಬೀತುಪಡಿಸಬೇಕಾದವರು ಯಾರು?

ಕಾರ್ಖಾನೆಯಿಂದ ವಿಷಾನಿಲ ಸೋರಿ ಪಕ್ಕದ ಬೀದಿಯವರು ಅಸ್ವಸ್ಥರಾದರೆ ಪರಿಹಾರ ಕೊಡಬೇಕಾದವರು ಯಾರು? ಉತ್ತರ ಸುಲಭವೆಂದು ನಿಮಗೆ ತೋರಬಹುದು. ಆದರೆ ಸಾಮಾನ್ಯ ನಿಯಮದಂತೆ, ಪರಿಹಾರ ಕೇಳುವವನೇ ಎದುರಾಳಿಯ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಯಾವ ಕೊಳವೆ ತುಕ್ಕು ಹಿಡಿದಿತ್ತು, ಯಾವ ವಾಲ್ವ್ ಸವೆದಿತ್ತು ಎಂಬುದು ಗೋಡೆಯ ಹೊರಗಿರುವವನಿಗೆ ಹೇಗೆ ತಿಳಿಯಬೇಕು? ಈ ಭಾರವನ್ನು ಅವನ ಹೆಗಲಿನಿಂದ ಮೊದಲು ಇಳಿಸಿದ್ದು ನ್ಯಾಯಾಲಯದ ತೀರ್ಪುಗಳು. ಶಾಸನ ಬಂದದ್ದು ಆಮೇಲೆ.

ಕಥೆ ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಶುರುವಾಗುತ್ತದೆ. 1860ರಲ್ಲಿ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕ ನೀರಿಗಾಗಿ ಕೆರೆ ಕಟ್ಟಿಸಿದ. ಕೆಳಗೆ ಹಳೆಯ ಗಣಿಬಾವಿಗಳಿದ್ದವು. ನೀರು ಅವುಗಳ ಮೂಲಕ ನುಗ್ಗಿ ನೆರೆಯ ಫ್ಲೆಚರನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಗಣಿಬಾವಿಗಳ ವಿಷಯ ರೈಲ್ಯಾಂಡ್ಸನಿಗೆ ಗೊತ್ತೇ ಇರಲಿಲ್ಲ. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಪಾಯಕರವಾದುದನ್ನು ತನ್ನ ಜಾಗಕ್ಕೆ ತಂದು ಕೂಡಿಟ್ಟವನು ಅದು ಹೊರಬಿದ್ದರೆ ಹೊಣೆ ಹೊರಬೇಕು ಎಂದಿತು. ಒಳ್ಳೆಯ ಮಾತೇ. ಆದರೆ ಪ್ರಕೃತಿ ವಿಕೋಪ, ಹೊರಗಿನವನ ಕೈವಾಡ ಮುಂತಾದ ವಿನಾಯಿತಿಗಳು ಆ ನಿಯಮಕ್ಕೆ ಅಂಟಿಕೊಂಡವು. ತಪ್ಪಿಸಿಕೊಳ್ಳಲು ದಾರಿ ಉಳಿಯಿತು.

ಇನ್ನು ದೆಹಲಿಗೆ ಬರೋಣ. 1985ರ ಡಿಸೆಂಬರ್ 4ರಂದು ಶ್ರೀರಾಮ್ ಸಂಸ್ಥೆಯ ಘಟಕದಿಂದ ಓಲಿಯಂ ಸೋರಿತು. ಗಂಧಕಾಮ್ಲದಲ್ಲಿ ಸಲ್ಫರ್ ಟ್ರೈಆಕ್ಸೈಡ್ ಕರಗಿರುವ ದ್ರವವಿದು. ಇದರ ಹೊಗೆ ಗಾಳಿಯ ತೇವದೊಂದಿಗೆ ಸೇರಿದರೆ ಆಮ್ಲದ ಮಂಜೇ ಆಗುತ್ತದೆ. ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ಇದರಿಂದ ಮೃತಪಟ್ಟರೆಂದು ಸುಪ್ರೀಂ ಕೋರ್ಟಿನ ಮುಂದೆ ಹೇಳಲಾಯಿತು. ಭೋಪಾಲದ ದುರಂತ ನಡೆದು ಆಗಷ್ಟೇ ವರ್ಷ ತುಂಬಿತ್ತು. ಈ ಕಾರ್ಖಾನೆಯ ವಿರುದ್ಧ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿ ಸೋರಿಕೆಗೆ ಮೊದಲೇ ಕೋರ್ಟಿನಲ್ಲಿತ್ತು.

1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಐವರ ಪೀಠ ತೀರ್ಪಿತ್ತಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ನಿಯಮಕ್ಕೆ ನಾವು ಕಟ್ಟುಬೀಳಬೇಕಿಲ್ಲ. ಅಪಾಯಕರ ಉದ್ಯಮ ನಡೆಸುವವರ ಹೊಣೆ ಸಂಪೂರ್ಣ, ವಿನಾಯಿತಿ ಒಂದೂ ಇಲ್ಲ. ಸಂಸ್ಥೆ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದು. ತೀರ್ಪಿನ ಸಾರ ಇಷ್ಟು. ಲಾಭ ಪಡೆಯುವವನೇ ಅಪಾಯದ ಬೆಲೆಯನ್ನೂ ತೆರಲಿ ಎಂಬ ಈ ತರ್ಕ ನನಗೆ ಅತ್ಯಂತ ನ್ಯಾಯವೆನಿಸುತ್ತದೆ.

ಆದರೆ ವಿಚಿತ್ರ ನೋಡಿ. ತತ್ತ್ವ ಸಾರಿದ ಪೀಠ ತಾನೇ ಪರಿಹಾರ ಕೊಡಿಸಲಿಲ್ಲ. ಸಂತ್ರಸ್ತರ ಪರವಾಗಿ ದಾವೆ ಹೂಡುವಂತೆ ದೆಹಲಿಯ ಕಾನೂನು ನೆರವು ಮಂಡಳಿಗೆ ಸೂಚಿಸಿತು. ಭೋಪಾಲದ ಮೊಕದ್ದಮೆಯಾದರೋ 1989ರಲ್ಲಿ 47 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅಲ್ಲಿನ ಸಂತ್ರಸ್ತರ ಪರಿಹಾರವನ್ನು ಹೊಸ ಅಳತೆಗೋಲಿನಿಂದ ಅಳೆಯಲೇ ಇಲ್ಲ. ಹೆಚ್ಚಿನ ಪರಿಹಾರ ಕೋರಿದ ಕೇಂದ್ರ ಸರ್ಕಾರದ ಅರ್ಜಿಯೂ 2023ರಲ್ಲಿ ವಜಾ ಆಯಿತು.

ತತ್ತ್ವ ಮಾತ್ರ ಉಳಿದುಕೊಂಡಿತು. ಅದು ಬಂಧಕವೇ ಅಲ್ಲವೇ ಎಂಬ ಚರ್ಚೆ ಎದ್ದಾಗ, 1996ರಲ್ಲಿ ರಾಜಸ್ಥಾನದ ಬಿಛ್ರಿ ಗ್ರಾಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ರಾಸಾಯನಿಕ ತ್ಯಾಜ್ಯದಿಂದ ಬಾವಿಗಳ ನೀರು ಕೆಟ್ಟಿತ್ತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 17ನೆಯ ಕಲಮು, ಅಪಘಾತವಾದಾಗ ತಪ್ಪು ಸಾಬೀತಾಗದಿದ್ದರೂ ಹೊಣೆಯುಂಟು ಎಂಬ ತತ್ತ್ವವನ್ನು ಶಾಸನಕ್ಕೇ ತಂದಿತು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿ ಜನ ಸತ್ತಾಗ, ಮರುದಿನವೇ ಆ ನ್ಯಾಯಮಂಡಳಿ ಕಂಪನಿಗೆ 50 ಕೋಟಿ ರೂಪಾಯಿ ಠೇವಣಿ ಇಡುವಂತೆ ಆದೇಶಿಸಿತು. ಯಾವ ವಾಲ್ವ್, ಯಾರ ತಪ್ಪು ಎಂಬ ತನಿಖೆ ಆಗಿನ್ನೂ ನಡೆಯಬೇಕಿತ್ತು.