ಬ್ರಿಟನ್ನಿನ ವಿಶ್ವವಿದ್ಯಾಲಯ ವಾಯುದಳಗಳು: ಬದಲಾದ ಉದ್ದೇಶ

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಹಾರಾಟ ಕಲಿಸುವ ರಾಯಲ್ ಏರ್ ಫೋರ್ಸ್‌ನ ಘಟಕಗಳಿಗೆ ಯೂನಿವರ್ಸಿಟಿ ಏರ್ ಸ್ಕ್ವಾಡ್ರನ್ ಎಂದು ಹೆಸರು. ವಾಯುಪಡೆಯ ಮುಖ್ಯಸ್ಥರಾಗಿದ್ದ ಹ್ಯೂ ಟ್ರೆಂಚರ್ಡ್ ಅವರ ಆಶಯದಂತೆ 1925ರ ಅಕ್ಟೋಬರ್‌ನಲ್ಲಿ ಕೇಂಬ್ರಿಡ್ಜ್ ಹಾಗೂ ಆಕ್ಸ್‌ಫರ್ಡ್‌ಗಳಲ್ಲಿ ಇವು ಆರಂಭಗೊಂಡವು. ಸೈನಿಕರನ್ನು ತಯಾರಿಸುವುದಕ್ಕಿಂತ, ವಿದ್ಯಾವಂತ ಯುವಕರಲ್ಲಿ ವಿಮಾನಯಾನದ ಒಲವು ಬೆಳೆಸಿ, ವಾಯುಪಡೆಗೂ ಸಂಶೋಧನೆಗೂ ನಂಟು ಕಲ್ಪಿಸುವುದೇ ಆಗಿನ ಗುರಿಯಾಗಿತ್ತು.

ಯುದ್ಧ ಆ ಸೌಮ್ಯ ಗುರಿಯನ್ನು ಉಳಿಸಲಿಲ್ಲ. 1939ರ ನಂತರ ಸದಸ್ಯರು ತರಗತಿಯಿಂದ ಕದನಕ್ಕೆ ನಡೆದರು. ಆಕ್ಸ್‌ಫರ್ಡ್ ದಳದಲ್ಲಿ ಹಾರಲು ಕಲಿತ ರಿಚರ್ಡ್ ಹಿಲರಿ 1940ರ ಬ್ರಿಟನ್ ಕದನದಲ್ಲಿ ತೀವ್ರ ಸುಟ್ಟಗಾಯಗಳಿಗೆ ಒಳಗಾದರು. ಹಟದಿಂದ ಮತ್ತೆ ಹಾರಾಟಕ್ಕೆ ಮರಳಿ 1943ರಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. ಬಾಂಬರ್ ಪೈಲಟ್ ಲಿಯೊನಾರ್ಡ್ ಚೆಷೈರ್ ಕೂಡ ಅದೇ ದಳದವರು.

ಯುದ್ಧಾನಂತರ ಚಿಪ್‌ಮಂಕ್, ಬುಲ್‌ಡಾಗ್ ವಿಮಾನಗಳ ಕಾಲ. ಮುಂದೆ ವಾಯುಪಡೆಯ ಪ್ರಾಥಮಿಕ ಹಾರಾಟ ತರಬೇತಿಯ ಹೊಣೆಯೂ ಈ ದಳಗಳ ಮೇಲೆ ಬಿತ್ತು. 2000ರ ದಶಕದ ಮಧ್ಯಭಾಗದಲ್ಲಿ ಆ ಹೊಣೆಯನ್ನು ಹಿಂತೆಗೆದುಕೊಳ್ಳಲಾಯಿತು. ಈಗ ಟ್ಯೂಟರ್ ವಿಮಾನದಲ್ಲಿ ಹಾರಾಟದ ಅನುಭವ, ಜೊತೆಗೆ ನಾಯಕತ್ವದ ತರಬೇತಿ ದೊರೆಯುತ್ತದೆ. ಪದವಿಯ ಬಳಿಕ ವಾಯುಪಡೆ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಸಾರ್ವಜನಿಕ ಹಣದಲ್ಲಿ ಹಾರಿದವರು ಸೇರದೇ ಹೋದರೆ ಫಲವೇನೆಂದು ಕೇಳಬಹುದು. ಟ್ರೆಂಚರ್ಡ್ ಬಯಸಿದ್ದೂ ಬಹುಮಟ್ಟಿಗೆ ಇಂಥದ್ದನ್ನೇ.